ಬರಗಾಲವು ಕಟ್ಟಿಸಿದ ಸ್ಟೇಷನ್ನು

ವಿಜಯಪುರದಲ್ಲಿ ರೈಲಿನಿಂದಿಳಿದ ಪ್ರವಾಸಿಕನ ದೃಷ್ಟಿಯು ಒಡನೆಯೇ ಪಡುವಲಿಗೆ, ಗೋಳಗುಮ್ಮಟದ ಮೇಲೆ ಹೋಗುವುದು. ಕೋಟೆಗೋಡೆಯ ಹೊರಗೆ, ಊರಿನ ಮೂಡಣ ಅಂಚಿನಲ್ಲಿರುವ ಸ್ಟೇಷನ್ನನ್ನು ಹಿಂತಿರುಗಿ ನೋಡುವವರು ವಿರಳ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಗೋರಿಯ ಮುಂದೆ ರೈಲ್ವೆ ಸ್ಟೇಷನ್ನಿಗೇನು ಬೆಲೆಯೆಂದು ನೀವು ಕೇಳಬಹುದು. ಆದರೂ ಈ ಸೀಮೆಯ ಒಕ್ಕಲುಮಕ್ಕಳ ಚರಿತ್ರೆಯನ್ನು ಅರಿಯಬೇಕೆಂಬವರು ಮೊದಲು ನಿಲ್ಲತಕ್ಕ ಸ್ಥಳವು ಇದೇ ಎಂದು ನನ್ನ ಅಭಿಪ್ರಾಯ.

1876ರಲ್ಲಿ ಮಳೆ ಹೋಯಿತು. ಆಗ ಈ ನಾಡು ಕಲಾದಗಿ ಜಿಲ್ಲೆಯೆನಿಸಿತ್ತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು 1860ರಲ್ಲಿಯೇ ಸೊಲ್ಲಾಪುರವನ್ನು ಮುಟ್ಟಿ, 1871ರಲ್ಲಿ ರಾಯಚೂರನ್ನು ಸೇರಿತ್ತು. ಆದುದರಿಂದ ಹೊರಗಿನ ಧಾನ್ಯವು ಸೊಲ್ಲಾಪುರದವರೆಗೆ ಬರಬಲ್ಲುದಾಗಿತ್ತು. ಅಲ್ಲಿಂದ ಮುಂದೆ ಸೊಲ್ಲಾಪುರ ರಸ್ತೆ; ಸುಮಾರು 60 ಮೈಲಿಗಳ ಎತ್ತಿನ ಗಾಡಿಯ ಪಯಣ. ಎತ್ತಿಗೆ ದಾರಿಯುದ್ದಕ್ಕೂ ಮೇವೂ ನೀರೂ ಬೇಕಷ್ಟೆ? ಮಳೆ ಹೋದ ವರ್ಷದಲ್ಲಿ ಅವೆರಡೂ ದುರ್ಲಭ. ಜನರಿಗೆ ಜೋಳವು ಅತ್ಯಗತ್ಯವಾದ ಕಾಲದಲ್ಲಿಯೇ ಜೋಳವನ್ನು ಎಳೆಯತಕ್ಕ ಎತ್ತು ಬೀಳುವುದು! 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ 6.5 ಲಕ್ಷಕ್ಕಿಂತಲೂ ಕೆಳಗಿಳಿಯಿತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಈ ಅಂಕಿಗಳು ಬೇರ್ಪಡಿಸಿ ಹೇಳವು.

ಈ ಘೋರ ಕ್ಷಾಮದ ತರುವಾಯ ನೇಮಕಗೊಂಡ ಕ್ಷಾಮ ಆಯೋಗವು ಬರಪೀಡಿತ ಸೀಮೆಗಳಿಗೆ ರೈಲುದಾರಿಯು ಅವಶ್ಯಕವೆಂದು 1880ರಲ್ಲಿ ಅಭಿಪ್ರಾಯಪಟ್ಟಿತು. 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪೆನಿಯು ಹುಟ್ಟಿ, 1884ರಲ್ಲಿ ಹೊಟಗಿಯಿಂದ ವಿಜಯಪುರದ ಮಾರ್ಗವಾಗಿ ಗದಗಿನವರೆಗೆ ಉಗಿಬಂಡಿ ಓಡತೊಡಗಿತು. ಮರುವರ್ಷವೇ ಜಿಲ್ಲೆಯ ಮುಖ್ಯ ಕಚೇರಿಯು ಕಲಾದಗಿಯಿಂದ ಇಲ್ಲಿಗೆ ಬಂದಿತು. ಪಾಳುಬಿದ್ದಿದ್ದ ರಾಜಧಾನಿಗೆ ಮತ್ತೆ ಜೀವ ಕೂಡಿತು.

ವೆಚ್ಚವನ್ನು ಕಡಿಮೆ ಮಾಡಲು ಹಳಿಗಳ ಅಂತರವನ್ನು ಒಂದೇ ಮೀಟರಿಗೆ ಇಟ್ಟಿದ್ದರು. ಸೊಲ್ಲಾಪುರದ ಹಳಿಯಾದರೋ ಐದೂವರೆ ಅಡಿಯದು. ಹೀಗಾಗಿ ಬಂದ ಮೂಟೆಗಳನ್ನೆಲ್ಲ ಹೊಟಗಿಯಲ್ಲಿ ಒಂದು ಬಂಡಿಯಿಂದಿಳಿಸಿ ಇನ್ನೊಂದಕ್ಕೆ ಹೇರಬೇಕಾಗುತ್ತಿತ್ತು. ಕೆಲವರು ಇದನ್ನು ಜಾಣತನವೆಂದರು. ಹಮಾಲರ ಬೆನ್ನನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ.

ಹಾಗಾದರೆ ರೈಲು ಬಂದೊಡನೆ ಬರದ ಭಯವು ತೊಲಗಿತೆ? ತೊಲಗಲಿಲ್ಲ. 1896–97ರಲ್ಲಿ ಈ ಜಿಲ್ಲೆಗೆ ಮತ್ತೆ ಕ್ಷಾಮ ತಟ್ಟಿತು. ಈ ಸಾರಿ ಎತ್ತಿಗಾಗಿ ಕಾಯಬೇಕಾಗಿರಲಿಲ್ಲ; ಧಾನ್ಯವನ್ನು ತರುವ ಹಳಿಯು ಊರ ಬಾಗಿಲಲ್ಲಿಯೇ ಇದ್ದಿತು. ಆದರೆ ಹೊಲದ ಕೆಲಸ ನಿಂತ ಕೂಲಿಯ ಕೈಯಲ್ಲಿ ಅದನ್ನು ಕೊಳ್ಳಲು ಕಾಸಿಲ್ಲ. ಧಾನ್ಯವನ್ನು ಒಳಗೆ ತರುವ ಹಳಿಯೇ, ಬೆಲೆ ಹೆಚ್ಚಿದ ಕಡೆಗೆ ಅದನ್ನು ಹೊರಗೂ ಒಯ್ಯಬಲ್ಲುದು. ರೈಲನ್ನು ಬರೀ ವರವೆಂದು ಹೊಗಳುವವರು ಇದನ್ನು ಮರೆಯುವರು. ಬರೀ ಶೋಷಣೆಯೆಂದು ಹಳಿಯುವವರು 1876ರ ಸೊಲ್ಲಾಪುರ ರಸ್ತೆಯನ್ನು ಮರೆಯುವರು.

1908ರಲ್ಲಿ ಕಂಪೆನಿಯು ಮದರಾಸು ರೈಲ್ವೆಯೊಡನೆ ಕೂಡಿತು. ಮೀಟರ್ ಹಳಿಯು ಈ ಶತಮಾನದಲ್ಲಿ ಅಗಲವಾಯಿತು. ಹೊಟಗಿಯಲ್ಲಿ ಮೂಟೆಗಳನ್ನು ಇಳಿಸಿ ಹೇರುವ ಕೆಲಸವು ಈಗಿಲ್ಲ. ಸೊಲ್ಲಾಪುರ ರಸ್ತೆಯು ರಾಷ್ಟ್ರೀಯ ಹೆದ್ದಾರಿಯಾಗಿ, ಹಗಲೂ ಇರುಳೂ ಲಾರಿಗಳನ್ನು ಹೊತ್ತಿದೆ.