ದಫೇದಾರ ಯಾರು?

ಡಿಸಿ ಸಾಹೇಬ್ರ ಬಾಗಿಲಲ್ಲಿ ಕೆಂಪು ಪಟ್ಟಿ ತೊಟ್ಟು ನಿಲ್ಲುವವರನ್ನು ನಾವು ದಫೇದಾರ್ ಅಂತೀವಿ. ವೀಕ್ಷಕರೇ, ಅದು ಕುದುರೆ ಸೇನೆಯ ಹುದ್ದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರನ್ನು ನಡೆಸಿದವನೇ ದಫೇದಾರ.

ನೌಕಾಪಡೆಯಲ್ಲಿ ಅವನಿಗೆ ಸಮಾನ ಪೆಟಿ ಆಫೀಸರ್. ಹೆಸರಲ್ಲಿ ಆಫೀಸರ್ ಇದ್ದರೂ ಅಧಿಕಾರಿಯಲ್ಲ. ಸೀಮನ್, ಲೀಡಿಂಗ್ ಸೀಮನ್ ಆಗಿ ಮೇಲೇರಿದ ನಾವಿಕ. 1971ರ ಯುದ್ಧದಲ್ಲಿ ನಮ್ಮೂರ ಹೆಸರಿನ ಐಎನ್‌ಎಸ್ ಮೈಸೂರು ಪಶ್ಚಿಮ ನೌಕಾಪಡೆಯ ಮುಂಚೂಣಿ ಹಡಗು. ಎಂಜಿನಿಯರಿಂಗ್ ಓದಿದ ನಾನು ಹೇಳ್ತೀನಿ, ಎಂಜಿನ್ ರೂಮಿನ ಬೆವರು ಇಂಥವರದ್ದೇ.

ನೌಕಾಪಡೆಯ ಹುದ್ದೆಗಳಿಗೆ ಭಾರತೀಯ ಹೆಸರಿಡುವುದಾಗಿ 2023ರ ಡಿಸೆಂಬರ್ 4ರಂದು ಪ್ರಧಾನಿ ಘೋಷಿಸಿದರು. ಇಡಲಿ. ಆದರೆ ದಫೇದಾರನ ಹಾಗೆ ಹೆಸರಷ್ಟೇ ಉಳಿದು, ಮಾಡಿದ ಕೆಲಸ ಮರೆತುಹೋಗಬಾರದು.