ಗಡಿ ಸೀಮೆಯ ನೀರು, ಬೆನ್ನುಹುರಿ ಮತ್ತು ಬೆಂಗಳೂರಿನ ದಾರಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಬಂತು; ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮಡಕಶಿರಾ ಅದಕ್ಕೂ ಮೊದಲೇ ಅನಂತಪುರ ಜಿಲ್ಲೆಯಲ್ಲಿತ್ತು. ಆದರೆ ಅದರ ಸುತ್ತಲಿರುವುದು ಶಿರಾ, ಪಾವಗಡ, ಮಧುಗಿರಿಯ ಸೀಮೆ. ಕಚೇರಿಯ ಕಾಗದಗಳು ಕರ್ನೂಲಿಗೆ, ಆಮೇಲೆ ಹೈದರಾಬಾದಿಗೆ ಹೋದವು. ತಲೆಗೋ ಬೆನ್ನಿಗೋ ದೊಡ್ಡ ಕಾಯಿಲೆ ಬಂದವರು ಮಾತ್ರ ಬೆಂಗಳೂರಿನ ಬಸ್ಸು ಹತ್ತುತ್ತಲೇ ಬಂದರು.

ಆ ದಾರಿಯೂ ಹಳೆಯದಲ್ಲ. ಭಾರತದಲ್ಲಿ ನರಶಸ್ತ್ರಚಿಕಿತ್ಸೆಗೆಂದೇ ಮೊದಲ ವಿಭಾಗವನ್ನು ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ತೆರೆದದ್ದು 1949ರಲ್ಲಿ. ಮರುವರ್ಷ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಬಿ. ರಾಮಮೂರ್ತಿ ಕೆಲಸ ಶುರು ಮಾಡಿದರು. ಅದಕ್ಕೂ ಹಿಂದೆ ಮಿದುಳಿನಲ್ಲಿ ಗಡ್ಡೆ ಬೆಳೆದವರಿಗೆ ಈ ಸೀಮೆಯಲ್ಲಿ ಹೆಚ್ಚಿನ ಗತಿಯೇ ಇರಲಿಲ್ಲ.

ಬೆಂಗಳೂರಿನಲ್ಲಿ ಆಗ ಇದ್ದದ್ದು, 19ನೇ ಶತಮಾನದ ಹುಚ್ಚಾಸ್ಪತ್ರೆಯಿಂದ ಬೆಳೆದುಬಂದ ಸರ್ಕಾರಿ ಮಾನಸಿಕ ಆಸ್ಪತ್ರೆ. ಅದರ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿ ನಿಲ್ಲಿಸಿದವರು ಡಾ. ಆರ್. ಮಾರ್ತಾಂಡ ವರ್ಮ. ಪಾರ್ಕಿನ್ಸನ್ ರೋಗಿಗಳ ಕೈನಡುಕ ಇಳಿಸಲು ಅವರು ತಲೆಬುರುಡೆ ಕೊರೆಯಲಿಲ್ಲ. ಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ಒಂದು ಸಣ್ಣ ರಂಧ್ರದ ಮೂಲಕ ಸೂಜಿ ಇಳಿಸಿದರು. ಸಿ.ಟಿ. ಸ್ಕ್ಯಾನ್ ಇನ್ನೂ ಹುಟ್ಟಿರದ ಕಾಲ ಅದು. ಒಳಗಿನದು ಕಣ್ಣಿಗೆ ಬೀಳುತ್ತಿದ್ದದ್ದು ಎಕ್ಸ್‌ರೇಯ ನೆರಳಾಗಿ ಮಾತ್ರ. ಅಂಥ ದಿನಗಳಲ್ಲಿ ಕೈಯ ಅಂದಾಜನ್ನು ನಂಬಿ ಇಷ್ಟು ಮಾಡಿದ್ದು ದೊಡ್ಡ ಸಾಧನೆಯೇ. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ವರ್ಮ ಅದರ ಮೊದಲ ನಿರ್ದೇಶಕರಾದರು.

ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಬಹುಕಾಲ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. ಬೆನ್ನುಹುರಿ ಅದುಮಿಹೋಗಿ ಕಾಲು ಬಿದ್ದವರನ್ನು ಅಲ್ಲಿಗೆ ಕರೆದೊಯ್ಯಲೂ ಮನೆಯವರು ಹಿಂಜರಿಯುತ್ತಿದ್ದರು. ಆ ಅಳುಕನ್ನು ಕಡಿಮೆ ಮಾಡಿದ್ದರಲ್ಲಿ ಗೌರಿಬಿದನೂರು, ಮಧುಗಿರಿಗಳಲ್ಲಿ ನಿಮ್ಹಾನ್ಸ್ ವೈದ್ಯರು ನಡೆಸಿದ ಹೊರಚಿಕಿತ್ಸಾ ಶಿಬಿರಗಳ ಪಾಲೂ ಇದೆ. ಮೂರ್ಛೆರೋಗದವರಿಗೆ ಮಾತ್ರೆ ಮನೆಯ ಹತ್ತಿರವೇ ಸಿಕ್ಕಿತು. ಮಡಕಶಿರಾದವರಿಗೆ ಆ ಊರುಗಳು ಸಂತೆಯ ದೂರ.

ಈ ಸೀಮೆಗೆ ತನ್ನದೇ ಆದ ಇನ್ನೊಂದು ಬೆನ್ನಿನ ಕಾಯಿಲೆ ಇದೆ. ಅದು ಬರುವುದು ಕುಡಿಯುವ ನೀರಿನಿಂದ. ಮದ್ರಾಸ್ ಪ್ರಾಂತದಲ್ಲಿ ಫ್ಲೋರೈಡ್ ನೀರು ಮೂಳೆಯನ್ನು ಕೆಡಿಸುವುದನ್ನು ಎಚ್.ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವರದಿ ಮಾಡಿದ್ದರು. ಅವರು ನೋಡಿದ್ದು ನೆಲ್ಲೂರು ಕಡೆಯ ಹಳ್ಳಿಗಳನ್ನು. ಅನಂತಪುರದ ಗ್ರಾನೈಟ್ ನೆಲದಲ್ಲೂ ಫ್ಲೋರೈಡ್ ಉಂಟು. ಮಳೆ ಕಡಿಮೆ, ಕೆರೆ ಬತ್ತಿತು, ಕೊಳವೆಬಾವಿ ಆಳಕ್ಕೆ ಇಳಿಯಿತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮೂಳೆಗೆ ಬರುವ ಕೇಡು ಕಾಣಿಸುವುದು ಬಹಳ ತಡವಾಗಿ.

ಅದನ್ನು ಪತ್ತೆಮಾಡಲು ಯಂತ್ರ ಬೇಡ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು. ಗಲ್ಲವನ್ನು ಎದೆಗೆ ತಾಗಿಸಬೇಕು. ಎರಡೂ ಕೈ ಚಾಚಿ, ಮಡಿಸಿ, ತಲೆಯ ಹಿಂಭಾಗ ಹಿಡಿಯಬೇಕು. ಆಗದವರ ಬೆನ್ನು, ಕುತ್ತಿಗೆ, ಭುಜ ಬಿಗಿದಿವೆಯೆಂದು ಅರ್ಥ. ಮುಂದಿನ ಪರೀಕ್ಷೆಗೆ ಕಳಿಸಲು ಅಷ್ಟು ಸಾಕು. ರೋಗ ಮುಂದುವರಿದರೆ ಬೆನ್ನೆಲುಬಿನ ಒಳಬಂಧಗಳೂ ಮೂಳೆಯಾಗಿ ಗಟ್ಟಿಯಾಗುತ್ತವೆ. ಹುರಿ ಹಾದುಹೋಗುವ ಕಾಲುವೆ ಕಿರಿದಾಗುತ್ತದೆ, ನಡಿಗೆ ಬಿಗಿಯಾಗುತ್ತದೆ, ಕೊನೆಗೆ ಕಾಲು ಸೋಲುತ್ತದೆ.

ಶಸ್ತ್ರವೈದ್ಯರು ಆಗ ಮಾಡುವುದು ಕಾಲುವೆಯ ಹಿಂಬದಿಯ ಮೂಳೆ ಕತ್ತರಿಸಿ ಹುರಿಗೆ ಜಾಗ ಕೊಡುವ ಕೆಲಸ. ಫ್ಲೋರೈಡ್‌ನಿಂದ ಕೆಟ್ಟ ಮೂಳೆ ದಪ್ಪ, ಕಲ್ಲಿನಂತೆ ಗಟ್ಟಿ; ಅದರ ಬೆನ್ನಿಗೇ ಮೃದುವಾದ ಹುರಿ. ವೇಗವಾಗಿ ತಿರುಗುವ ಡ್ರಿಲ್, ಸೂಕ್ಷ್ಮದರ್ಶಕ, ಎಂ.ಆರ್.ಐ. ಬಂದ ಮೇಲೆ ಈ ಕೆಲಸ ಮೊದಲಿಗಿಂತ ಸುರಕ್ಷಿತವಾಗಿದೆ. ಬಡವರಿಗೆ ಹೊಸ ಬಾಗಿಲುಗಳೂ ತೆರೆದವು. ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿಯಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆ ಉಚಿತ. ಆದರೆ ಹುರಿ ವರ್ಷಗಟ್ಟಲೆ ಅದುಮಿಹೋಗಿದ್ದರೆ ಎಂಥ ನುರಿತ ಕೈಗೂ ಕಾಲಿನ ಬಲವನ್ನು ಪೂರ್ತಿ ಮರಳಿಸಲಾಗದು.

ಆದ್ದರಿಂದ ಈ ಜಿಲ್ಲೆಯ ಬೆನ್ನಿಗೆ ಆದ ಅತಿ ದೊಡ್ಡ ಚಿಕಿತ್ಸೆ ಆಪರೇಷನ್ ಥಿಯೇಟರಿನ ಹೊರಗೆ ನಡೆಯಿತು ಎನ್ನಬೇಕು. 1990ರ ದಶಕದ ನಡುವೆ ಸತ್ಯಸಾಯಿ ಟ್ರಸ್ಟ್ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರಿನ ಕೊಳವೆ ಹಾಕಿಸಿತು; 1999ರಲ್ಲಿ ಅಂಚೆ ಇಲಾಖೆ ಅದರ ನೆನಪಿಗೆ ಚೀಟಿಯನ್ನೂ ತಂದಿತು. 2022ರಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಎರಡೂ ಕಡೆ ಇಂದಿಗೂ ಕೊಳವೆಬಾವಿಯ ನೀರನ್ನೇ ಕುಡಿಯುವವರು ಅದರ ಫ್ಲೋರೈಡ್ ಪ್ರಮಾಣವನ್ನು ಒಮ್ಮೆ ಪರೀಕ್ಷೆ ಮಾಡಿಸಬೇಕು. ಕುತ್ತಿಗೆ ಬಗ್ಗದಿದ್ದರೆ, ನಡೆಯುವಾಗ ಕಾಲು ಬಿಗಿದರೆ ವಯಸ್ಸಾಯಿತೆಂದು ಸುಮ್ಮನಿರದೆ ಆ ತಿಂಗಳೇ ನರರೋಗ ವೈದ್ಯರನ್ನು ಕಾಣಬೇಕು.