ರೂಲ್ ಒಂದೇ, ಅಳತೆ ಎರಡು: ಆಟಗಾರರ ಅರ್ಹತೆಯ ಹಳೇ ಜಗಳ

ಇವತ್ತಿನ ಎಪಿಸೋಡ್ ಆಟದ ಬಗ್ಗೆ, ಆದರೆ ಸ್ಕೋರ್ ಬಗ್ಗೆ ಅಲ್ಲ. ಮೈದಾನಕ್ಕೆ ಇಳಿಯೋ ಮೊದಲು ಒಂದು ಟೇಬಲ್ ಮುಂದೆ ಲೈನಲ್ಲಿ ನಿಲ್ಲಿಸ್ತಾರಲ್ಲ, ಆ ಟೇಬಲ್ ಬಗ್ಗೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ಊರಲ್ಲಿ ಎಲ್ಲೇ ಕಾಲೇಜು ಟೂರ್ನಮೆಂಟ್ ಆಡಿದ್ದರೂ ನಿಮಗೆ ಆ ಟೇಬಲ್ ಗೊತ್ತು. ಕಾಲೇಜಿನ ಐಡಿ ಕಾರ್ಡ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪ್ರಿನ್ಸಿಪಾಲರ ಸಹಿ ಇರೋ ಅರ್ಹತಾ ಪತ್ರ. ಒಂದು ಟೀಮಿನ ಹುಡುಗನಿಗೆ "ಸೀಲ್ ಸರಿಯಾಗಿ ಬಿದ್ದಿಲ್ಲ, ಆಚೆ ಕೂತ್ಕೋ" ಅಂತಾರೆ. ಇನ್ನೊಂದು ಟೀಮಿನಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಅಣ್ಣ ಆರಾಮಾಗಿ ಆಡ್ತಿರ್ತಾನೆ. ಕೇಳಿದರೆ "ಹೋಗ್ಲಿ ಬಿಡಿ, ಆಟ ನಡೀಲಿ" ಅನ್ನೋ ಉತ್ತರ.

ಇದು ಬರೀ ಒಂದು ಟ್ರೋಫಿಯ ಪ್ರಶ್ನೆ ಅಲ್ಲ. ಕಾಲೇಜು ಮಟ್ಟದಲ್ಲಿ ಆಡಿದವರು ವಿಶ್ವವಿದ್ಯಾಲಯದ ಆಯ್ಕೆಗೆ ಹೋಗ್ತಾರೆ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ. ಆ ಸರ್ಟಿಫಿಕೇಟ್ ನಾಳೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕೇಳುವಾಗ ಲೆಕ್ಕಕ್ಕೆ ಬರುತ್ತೆ. ಟೇಬಲ್ ಹತ್ತಿರ ಆಚೆ ಕೂತವನು ಒಂದು ಮ್ಯಾಚನ್ನಷ್ಟೇ ಕಳ್ಕೊಳ್ಳಲ್ಲ.

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ.

1912, ಸ್ಟಾಕ್‌ಹೋಮ್ ಒಲಿಂಪಿಕ್ಸ್. ಅಮೆರಿಕದ ಜಿಮ್ ಥಾರ್ಪ್ ಪೆಂಟಥ್ಲಾನ್ ಮತ್ತು ಡೆಕಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಅಮೆರಿಕದ ಮೂಲನಿವಾಸಿ ಸಮುದಾಯದವನು, ಕಾರ್ಲೈಲ್ ಇಂಡಿಯನ್ ಶಾಲೆಯ ವಿದ್ಯಾರ್ಥಿ. 1913ರ ಜನವರಿಯಲ್ಲಿ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು: ಥಾರ್ಪ್ 1909 ಮತ್ತು 1910ರಲ್ಲಿ ನಾರ್ತ್ ಕೆರೊಲಿನಾದಲ್ಲಿ ದುಡ್ಡಿಗೆ ಬೇಸ್‌ಬಾಲ್ ಆಡಿದ್ದ. ಒಲಿಂಪಿಕ್ಸ್‌ನಲ್ಲಿ ಆಗ ದುಡ್ಡಿಗೆ ಆಡಿದವರಿಗೆ ಜಾಗ ಇರಲಿಲ್ಲ. ಪದಕ ವಾಪಸ್, ದಾಖಲೆಯಿಂದ ಹೆಸರು ಕಟ್.

ಇಲ್ಲಿವರೆಗೆ ಕೇಳಿದರೆ ರೂಲ್ ಪ್ರಕಾರ ಸರಿ ಅನ್ಸುತ್ತೆ, ಅಲ್ವಾ? ಆದರೆ ಎರಡು ವಿಷಯ ಗಮನಿಸಿ.

ಮೊದಲನೆಯದು, ಆ ಕಾಲದಲ್ಲಿ ಬೇಸಿಗೆ ರಜೆಯಲ್ಲಿ ದುಡ್ಡಿಗೆ ಬೇಸ್‌ಬಾಲ್ ಆಡುತ್ತಿದ್ದ ಕಾಲೇಜು ಹುಡುಗರು ಬೇಕಾದಷ್ಟು ಜನ. ಅವರು ಬೇರೆ ಹೆಸರು ಕೊಟ್ಟು ಆಡುತ್ತಿದ್ದರು. ಥಾರ್ಪ್ ತನ್ನ ಸ್ವಂತ ಹೆಸರಲ್ಲೇ ಆಡಿದ್ದ, ಅದಕ್ಕೇ ಸಿಕ್ಕಿಬಿದ್ದ. ಎರಡನೆಯದು ಇನ್ನೂ ಮುಖ್ಯ. ಅದೇ ಒಲಿಂಪಿಕ್ಸ್‌ನ ರೂಲ್ ಪುಸ್ತಕದಲ್ಲಿ, ಯಾರ ಅರ್ಹತೆ ಬಗ್ಗೆ ಆಕ್ಷೇಪ ಇದ್ದರೂ ಕೂಟ ಮುಗಿದ 30 ದಿನದೊಳಗೆ ಸಲ್ಲಿಸಬೇಕು ಅಂತ ಬರೆದಿತ್ತು. ಸುದ್ದಿ ಬಂದಿದ್ದು ಸುಮಾರು ಆರು ತಿಂಗಳ ಮೇಲೆ! ಆಟಗಾರನ ಮೇಲಿನ ರೂಲನ್ನು ಅಕ್ಷರಕ್ಕಕ್ಷರ ಓದಿದವರು, ಅದೇ ಪುಸ್ತಕದಲ್ಲಿ ತಮ್ಮ ಮೇಲಿದ್ದ ರೂಲನ್ನು ಓದಲಿಲ್ಲ.

ನಾನು ಬಿಕಾಂ ಓದಿದವನು. ಲೆಕ್ಕದಲ್ಲಿ ಕ್ರೆಡಿಟ್ ಕಾಲಂ ಮಾತ್ರ ನೋಡಿ ಡೆಬಿಟ್ ಬಿಟ್ಟರೆ ಯಾವ ಆಡಿಟರೂ ಸಹಿ ಹಾಕಲ್ಲ. ಇಲ್ಲಿ ಅಂಥ ಲೆಕ್ಕಕ್ಕೆ ಏಳು ದಶಕ ಸಹಿ ಇತ್ತು. ಥಾರ್ಪ್ 1953ರಲ್ಲಿ ತೀರಿಕೊಂಡ. 1982ರಲ್ಲಿ, ಆ 30 ದಿನದ ನಿಯಮವನ್ನು ಹುಡುಕಿ ಮುಂದಿಟ್ಟ ಮೇಲೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವನ ಹೆಸರನ್ನು ಮತ್ತೆ ಸೇರಿಸಿತು, ಅದೂ ಜಂಟಿ ವಿಜೇತ ಅಂತ. ಒಬ್ಬನೇ ವಿಜೇತ ಅಂತ ಒಪ್ಪಿಕೊಂಡಿದ್ದು 2022ರ ಜುಲೈನಲ್ಲಿ.

ಇನ್ನೊಂದು ಕಥೆ ನಮ್ಮದೇ ಧಾರವಾಡದಲ್ಲಿ ಹುಟ್ಟಿದವರದ್ದು. ಪಾಲ್ವಂಕರ್ ಬಾಲೂ, ಎಡಗೈ ಸ್ಪಿನ್ನರ್, ದಲಿತ ಕುಟುಂಬದವರು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತಾ, ನೆಟ್ಸ್‌ನಲ್ಲಿ ಬೌಲಿಂಗ್ ಹಾಕುತ್ತಾ ಬೆಳೆದವರು. ಹಿಂದೂ ಟೀಮಿಗೆ ಗೆಲ್ಲೋದಕ್ಕೆ ಅವರ ಬೌಲಿಂಗ್ ಬೇಕಿತ್ತು. ಆದರೆ ಟೀ ವಿರಾಮದಲ್ಲಿ ಅವರಿಗೆ ಪೆವಿಲಿಯನ್ ಆಚೆ, ಮಣ್ಣಿನ ಕುಡಿಕೆಯಲ್ಲಿ ಚಹಾ. ಬಾಲ್ ಮುಟ್ಟಬಹುದು, ಕಪ್ ಮುಟ್ಟೋ ಹಾಗಿಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ಕ್ಯಾಪ್ಟನ್ಸಿ ಸಿಗಲಿಲ್ಲ. 1920ರಲ್ಲಿ ಅವರನ್ನು ಟೀಮಿಂದಲೇ ಬಿಟ್ಟಾಗ ತಮ್ಮಂದಿರಾದ ವಿಠ್ಠಲ್, ಶಿವರಾಂ ತಾವೂ ಆಡಲ್ಲ ಅಂತ ಹೊರಗೆ ಬಂದರು. ಆ ಗಲಾಟೆ ಆದ ಮೇಲೆ ಬಾಲೂ ವೈಸ್ ಕ್ಯಾಪ್ಟನ್ ಆದರು. 1923ರಲ್ಲಿ ತಮ್ಮ ವಿಠ್ಠಲ್ ಕ್ಯಾಪ್ಟನ್ ಆದರು.

ಥಾರ್ಪ್ ಕಥೆಯಲ್ಲಿ ಬರೆದಿಟ್ಟ ರೂಲನ್ನು ಪಾಲಿಸಲಿಲ್ಲ. ಬಾಲೂ ಕಥೆಯಲ್ಲಿ ಎಲ್ಲೂ ಬರೆಯದ ರೂಲನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು. ಎರಡು ಕಡೆಯೂ ಪೆಟ್ಟು ಬಿದ್ದಿದ್ದು ಪರವಾಗಿ ಮಾತಾಡೋಕೆ ದೊಡ್ಡವರು ಯಾರೂ ಇಲ್ಲದವನಿಗೆ.

ಹಾಗಾದರೆ ನಮ್ಮ ಟೇಬಲ್ ಹತ್ತಿರ ಯಾಕೆ ಹೀಗಾಗುತ್ತೆ? ಎಲ್ಲ ಕಡೆ ಮೋಸ ಅಂತ ನಾನು ಹೇಳಲ್ಲ. ಚಿಕ್ಕ ಆಟಗಳನ್ನೇ ನೋಡಿ. ರೋಲರ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ಕಡೆ ಐದೇ ಜನ. ಇಬ್ಬರು ಅನರ್ಹ ಅಂದ್ರೆ ಟೀಮೇ ಇಲ್ಲ, ಟೀಮ್ ಇಲ್ಲ ಅಂದ್ರೆ ಮ್ಯಾಚೇ ಇಲ್ಲ. ಪೆಂಡಾಲ್ ಹಾಕ್ಸಿ, ಊಟ ಹೇಳಿ, ಅತಿಥಿಗಳನ್ನ ಕರೆದಿರೋ ಆಯೋಜಕರು ಕಣ್ಮುಚ್ಕೊಳ್ತಾರೆ. ಅವರ ಕಷ್ಟ ನಿಜ. ಆದರೆ ಆ ರಿಯಾಯಿತಿ ಯಾರಿಗೆ ಸಿಗುತ್ತೆ? ಸಾಮಾನ್ಯವಾಗಿ ಪರಿಚಯ ಇರೋ ಟೀಮಿಗೆ, ಜೋರಾಗಿ ಮಾತಾಡೋ ಮ್ಯಾನೇಜರ್‌ಗೆ. ಅರಕಲಗೂಡಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಇವತ್ತೇ ಮೊದಲ ಸಲ ಆಡ್ತಿರೋ ಹುಡುಗೀರ ಟೀಮಿಗೆ ಅಲ್ಲ.

ಪರಿಹಾರ ಏನೂ ರಾಕೆಟ್ ವಿಜ್ಞಾನ ಅಲ್ಲ. ಮೂರೇ ಮೂರು ಕೆಲಸ. ಆಟಗಾರರ ಪಟ್ಟಿಯನ್ನು ಮೊದಲ ಮ್ಯಾಚಿಗೆ ಮುಂಚೆ ಎಲ್ಲರಿಗೂ ಕಾಣೋ ಹಾಗೆ ಗೋಡೆಗೆ ಅಂಟಿಸಿ. ಆಕ್ಷೇಪ ಎಷ್ಟು ಗಂಟೆಯೊಳಗೆ ಕೊಡಬೇಕು ಅಂತ ಬರೆದು, ಆ ಗಡುವನ್ನು ಆಯೋಜಕರೂ ಪಾಲಿಸಿ. ಯಾರಿಗಾದರೂ ವಿನಾಯಿತಿ ಕೊಟ್ಟರೆ ಕಾರಣ ಬರೆದು ಸಹಿ ಹಾಕಿ, ಅದೇ ಕಾರಣ ಇರೋ ಬೇರೆಯವರಿಗೂ ಕೊಡಿ.

ಮುಂದಿನ ಸಲ ನೀವು ಆ ಲೈನಲ್ಲಿ ನಿಂತಾಗ ಪಕ್ಕದ ಟೀಮಿನ ಕಡೆನೂ ಒಮ್ಮೆ ನೋಡಿ. ನಿಮ್ಮನ್ನ ಬಿಟ್ಟು ಅವರನ್ನ ತಡೆದರೆ, ಯಾಕೆ ಅಂತ ನೀವೇ ಕೇಳಿ. ವಿಠ್ಠಲ್, ಶಿವರಾಂ ಮಾಡಿದ್ದೂ ಅದನ್ನೇ. ಅವರಿಬ್ಬರಿಗೆ ಟೀಮಲ್ಲಿ ಜಾಗ ಇತ್ತು, ಆದರೂ ಅಣ್ಣನಿಗೋಸ್ಕರ ಹೊರಗೆ ಬಂದರು.

ನಿಮ್ಮ ತಾಲ್ಲೂಕಿನ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳದೇ ಹಾಕ್ತೀನಿ. ಮುಂದಿನ ವಾರ ಸಿಗೋಣ.